ಮೋಟರಿಲ್ಲದ ಫ್ರಿಜ್ಜು

"ಇದಕ್ಕೆ ಮೋಟರೇ ಇಲ್ಲ" ಎಂದ ರಾಮಾ.

ಅವನು ಬೋರಲು ಮಲಗಿ ಫ್ರಿಜ್ಜಿನ ಅಡಿಗೆ ತಲೆ ತೂರಿಸಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಹಾಗಾಗಿ ಕಾಲುಗಳೇ ಮಾತಾಡಿದಂತೆ ಕೇಳಿಸಿತು.

ಪ್ರೇಕ್ಷಾ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅವಳಿಗೆ ತಲೆ ನೋಯುತ್ತಿತ್ತು. ಆದರೆ ಟಾರ್ಚ್ ಅಲುಗಾಡಬಾರದು ಎಂದು ರಾಮಾ ಮೊದಲೇ ಹೇಳಿದ್ದ.

"ಸಮಾ ನೋಡು ಮಾರಾಯ. ಹಿಂದೆಲ್ಲಾದ್ರೂ ಇರ್ಬೇಕು" ಎಂದ ರೂಪೇಶ ಕಾಕಾ.

"ಹದಿನೆಂಟು ವರ್ಷ ಆಯ್ತು, ಅಂಕೋಲೆಯಲ್ಲಿ ಫ್ರಿಜ್ ರಿಪೇರಿ ಮಾಡ್ತೆ. ಮೋಟರ್ ಇಲ್ಲದ ಫ್ರಿಜ್ ಅಂದ್ರೆ ಬರೀ ಕಪಾಟು."

"ಹೋದ ತಿಂಗಳು ಇದ್ರಲ್ಲಿ ಐಸ್ ಆಗ್ತಿತ್ತು."

"ಕಪಾಟಿನಲ್ಲಿ ಐಸ್ ಆಗೂದಿಲ್ಲ."

"ಇದ್ರಲ್ಲಿ ಆಗ್ತಿತ್ತು!"

ಕಾಲುಗಳು ಇನ್ನಷ್ಟು ಒಳಗೆ ಸರಿದವು.

"ಕೆಳಗೆ ಗ್ಯಾಸಿನ ಸಣ್ಣ ಬೆಂಕಿ ಉರೀತದೆ" ಎಂದ ರಾಮಾ. "ತಂಪು ಮಾಡೂದಕ್ಕೆ ಬೆಂಕಿ ಯಾಕೆ? ಅದೇ ಮೊದ್ಲು ಸಮಾ ಇಲ್ಲ. ಬೆಂಕಿನೂ ನೋಡು, ಹಳದಿ. ಉಸಿರು ಸಾಲದವರ ಹಾಂಗೆ ಉರೀತದೆ."

ಅಷ್ಟು ಹೇಳುವುದರೊಳಗೆ ಆ ಬೆಂಕಿಯೂ ಆರಿತು. ರಾಮಾ ಹೊರಗೆ ಬಂದು, ಅಂಗಿ ಕೊಡವಿಕೊಂಡು, ಇದರ ಆಯಸ್ಸು ಮುಗಿದಿದೆ ಎಂದು ಹೇಳಿ, ಚಾ ಕುಡಿದು ಹೋದ.

ಉಸಿರು ಸಾಲದವರ ಹಾಗೆ. ಪ್ರೇಕ್ಷಾ ಟಾರ್ಚ್ ಆರಿಸುವುದನ್ನು ಮರೆತು ಅಲ್ಲೇ ಕೂತಳು.

*

ಈ ಫ್ರಿಜ್ಜು ಇದ್ದದ್ದು ಒಂದು ಕ್ಯಾರವಾನಿನ ಒಳಗೆ. ಕ್ಯಾರವಾನ್ ಅಂದರೆ ಗಾಲಿಗಳ ಮೇಲೆ ನಿಂತ ಒಂದು ಸಣ್ಣ ಮನೆ. ಒಳಗೆ ಬೆಂಚು, ಮಡಚುವ ಮೇಜು, ಪುಟ್ಟ ಒಲೆ, ಕಿಟಕಿ, ಫ್ರಿಜ್ಜು ಎಲ್ಲ ಇರುತ್ತದೆ. ಎಂಜಿನ್ ಇರುವುದಿಲ್ಲ. ಬೇರೆ ಗಾಡಿಗೆ ಕಟ್ಟಿ ಎಳೆಯಬೇಕು.

ಅಮದಳ್ಳಿಯ ಹತ್ತಿರ ಕೆಲಸ ಮುಗಿಸಿದ ಒಂದು ಕಂಪನಿ ತನ್ನ ಕ್ಯಾಂಪಿನ ಸಾಮಾನನ್ನೆಲ್ಲ ಹರಾಜು ಹಾಕಿತ್ತು. ರೂಪೇಶ ಕಾಕಾ ಒಂದು ನೀರಿನ ಟ್ಯಾಂಕ್ ತರುತ್ತೇನೆ ಎಂದು ಹೋದವನು ಸಂಜೆ ಟ್ರ್ಯಾಕ್ಟರಿಗೆ ಕ್ಯಾರವಾನ್ ಕಟ್ಟಿಕೊಂಡು ಬೊಬ್ರುವಾಡಕ್ಕೆ ಬಂದ.

"ಟ್ಯಾಂಕ್ ಎಲ್ಲಿ?" ಎಂದು ಅಪ್ಪ ಕೇಳಿದ್ದ.

"ಇದ್ರೊಳಗೂ ಒಂದು ಟ್ಯಾಂಕ್ ಅದೆ, ಅಣ್ಣ" ಎಂದಿದ್ದ ಕಾಕಾ. ಅದು ಎರಡು ಬಿಂದಿಗೆ ನೀರು ಹಿಡಿಯುವಂಥದ್ದು.

ಮಳೆಗಾಲ ಮುಗಿದ ಮೇಲೆ ಅದನ್ನು ಸಮುದ್ರದ ದಂಡೆಗೆ ಒಯ್ದು, ತಣ್ಣಗಿನ ಕೋಕಂ ಶರಬತ್ತು ಮಾರುವುದು ಕಾಕಾನ ಯೋಚನೆ. ಅಲ್ಲಿಯವರೆಗೆ ಕ್ಯಾರವಾನು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿತು. ಊರಿನವರೆಲ್ಲ ಬಂದು ನೋಡಿ, ಒಳಗೆ ಕೂತು, ಎದ್ದು ಹೋದರು. ಮನೆಯಲ್ಲಿ ಹೊನ್ನಮ್ಮಜ್ಜಿ ಮಾತ್ರ ಅದನ್ನು "ಡಬ್ಬಿ" ಎಂದು ಕರೆದಳು.

ಆದರೆ ಆ ಡಬ್ಬಿಯಿಂದ ಹೆಚ್ಚು ಉಪಯೋಗ ಆದದ್ದು ಅಜ್ಜಿಗೇ. ಅವಳಿಗೆ ಸಕ್ಕರೆ ಕಾಯಿಲೆ. ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ ತಂಪಿನಲ್ಲಿ ಇರಬೇಕು. ಮೊದಲು ಅದನ್ನು ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇಡುತ್ತಿದ್ದರು. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ. ಗ್ಯಾಸಿನ ಫ್ರಿಜ್ಜಿಗೆ ಕರೆಂಟಿನ ಹಂಗೇ ಇಲ್ಲ.

"ಔಷಧ ಇರೋ ಜಾಗಕ್ಕೆ ಮೀನು ತರಬೇಡಿ" ಎಂದು ಅಜ್ಜಿ ಆಜ್ಞೆ ಮಾಡಿದ್ದಳು. ಹಾಗಾಗಿ ಆ ಫ್ರಿಜ್ಜಿನಲ್ಲಿ ಇನ್ಸುಲಿನ್ ಬಾಟಲಿ ಮತ್ತು ಐಸಿನ ತಟ್ಟೆ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಪ್ರೇಕ್ಷಾ ಐದನೇ ಕ್ಲಾಸು. ಅವಳು ಅಲ್ಲೇ ಮೇಜಿನ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದಳು. ಅದು ಅವಳ ಸ್ಟಡಿ ರೂಮ್ ಎಂದು ಕ್ಲಾಸಿನಲ್ಲಿ ಒಂಬತ್ತು ಜನರಿಗೆ ಹೇಳಿದ್ದಳು.

*

ಮಿರ್ಗದ ಮಳೆ, ಅಂದರೆ ಜೂನಿನ ಮೃಗಶಿರಾ ಮಳೆ, ಶುರುವಾಗುವ ಮೊದಲು ಮನೆಯ ಪಡುವಣ ಗೋಡೆಗೆ ತಟ್ಟಿ ಕಟ್ಟಬೇಕು. ಬೊಬ್ರುವಾಡದಲ್ಲಿ ಎಲ್ಲರೂ ಕಟ್ಟುತ್ತಾರೆ. ತೆಂಗಿನ ಮಡಲನ್ನು ಸೀಳಿ, ಗರಿಗಳನ್ನು ಹೆಣೆದರೆ ತಟ್ಟಿ. ಸಮುದ್ರದ ಕಡೆಯಿಂದ ಬೀಸುವ ಮಳೆಗೆ ಅದು ಗೋಡೆಯ ರೇನ್‌ಕೋಟು.

ಈ ವರ್ಷ ಮನೆಗೆ ಕಟ್ಟಿದರು. ಕೊಟ್ಟಿಗೆಗೆ ಕಟ್ಟಿದರು. ಕ್ಯಾರವಾನಿಗೂ ಕಟ್ಟಬೇಕಲ್ಲ?

"ಅದರದ್ದು ನಾನು ಮಾಡ್ತೆ" ಎಂದಿದ್ದಳು ಪ್ರೇಕ್ಷಾ.

ಕ್ಯಾರವಾನಿನ ಪಡುವಣ ಮೈಯಲ್ಲಿ ಎರಡು ಜಾಲರಿ ಇದ್ದವು. ಒಂದು ಕೆಳಗೆ, ಒಂದು ಮೇಲೆ. ಅವುಗಳ ಸೀಳುಗಳಿಂದ ಮಳೆನೀರು ಒಳಗೆ ಹೋಗುವುದು ಖಂಡಿತ. ಅವಳು ಹಳೇ ಗೋಣಿಚೀಲವನ್ನು ಹರಿದು ಎರಡೂ ಜಾಲರಿಗೆ ಬಿಗಿಯಾಗಿ ತುರುಕಿದಳು. ಮೇಲಿನ ಜಾಲರಿಗೆ ತುರುಕುವಾಗ ಬೆರಳಿಗೆ ಬಿಸಿ ಗಾಳಿ ತಾಗಿತು. ಬಿಸಿಲಿಗೆ ತಗಡು ಕಾದಿರಬೇಕು ಎಂದುಕೊಂಡಳು. ಆ ದಿನ ಬಿಸಿಲಿರಲಿಲ್ಲ. ಅದು ಅವಳಿಗೆ ಆಮೇಲೆ ನೆನಪಾಯಿತು.

ಅದರ ಮೇಲೆ ತಾನೇ ಹೆಣೆದ ತಟ್ಟಿ ಕಟ್ಟಿದಳು. ಅವಳ ಜೀವನದ ಮೊದಲ ತಟ್ಟಿ.

"ಒಂದು ಹನಿ ಒಳಗೆ ಹೋಗೂದಿಲ್ಲ" ಎಂದು ಅಪ್ಪ ಹೊಗಳಿದ್ದ. ಅವಳ ಆಯಿ, ಅಂದರೆ ಅಮ್ಮ, ನೆರೆಮನೆಯವರನ್ನು ಕರೆದು ತೋರಿಸಿದ್ದಳು.

ಒಂದು ಹನಿಯೂ ಹೋಗಲಿಲ್ಲ. ಅದರ ಮಾರನೇ ದಿನದಿಂದ ಪ್ರೇಕ್ಷಾಗೆ ತಲೆನೋವು ಶುರುವಾಯಿತು.

"ಲೆಕ್ಕದ ಪುಸ್ತಕ ತೆಗೆದ್ರೆ ಬರ್ತದೆ, ಅಲ್ಲವಾ?" ಎಂದಿದ್ದಳು ಆಯಿ. "ಟಿವಿ ಎದುರು ಬರೂದಿಲ್ಲ."

ಅದು ನಿಜವಾಗಿತ್ತು. ಟಿವಿ ಮನೆಯೊಳಗಿತ್ತು. ಲೆಕ್ಕದ ಪುಸ್ತಕ ಕ್ಯಾರವಾನಿನಲ್ಲಿತ್ತು.

*

ರಾಮಾ ಹೋದ ಮೇಲೆ ಅಪ್ಪ ತೀರ್ಮಾನ ಹೇಳಿದ. "ಭಾನುವಾರ ಗುಜರಿ ಕುಪ್ಪನಿಗೆ ಹೇಳ್ತೆ. ಗ್ಯಾಸ್ ಕಟ್ಟರ್ ತಂದು ಕೊಯ್ದುಕೊಂಡು ಹೋಗ್ಲಿ."

ಕಾಕಾ ಎದ್ದು ಹೋಗಿ ಕ್ಯಾರವಾನಿನ ಬಾಗಿಲನ್ನು ಅಂಗಿಯ ತುದಿಯಿಂದ ಒರೆಸಿದ. ಬಾಗಿಲು ಮೊದಲೇ ಸ್ವಚ್ಛವಾಗಿತ್ತು.

ಪ್ರೇಕ್ಷಾಗೆ ಎರಡು ರೀತಿಯ ಹೆದರಿಕೆ. ಗೋಣಿ ತುರುಕಿದ್ದರಿಂದ ಫ್ರಿಜ್ಜು ಹಾಳಾಗಿದ್ದರೆ ಅದು ತನ್ನ ತಪ್ಪು. ಗೋಣಿಯಿಂದ ಅಲ್ಲದಿದ್ದರೆ, ಸುಮ್ಮಸುಮ್ಮನೆ ಹೇಳಿ ನಗೆಪಾಟಲಾಗುವುದು. ದೊಡ್ಡವರು ಹದಿನೆಂಟು ವರ್ಷದಿಂದ ರಿಪೇರಿ ಮಾಡುತ್ತಾರೆ. ತಾನು ಐದನೇ ಕ್ಲಾಸಿಗೆ ಬಂದು ಹದಿನೆಂಟು ದಿನವೂ ಆಗಿಲ್ಲ.

ಶನಿವಾರ ಅರ್ಧ ದಿನದ ಶಾಲೆ. ಮನೆಗೆ ಬಂದವಳೇ ಕ್ಯಾರವಾನಿನ ಹಿಂದೆ ಹೋದಳು. ತಟ್ಟಿಯ ಕೆಳಗಿನ ಹಗ್ಗ ಬಿಚ್ಚಿ, ಎರಡೂ ಜಾಲರಿಯಿಂದ ಗೋಣಿ ಎಳೆದು ತೆಗೆದಳು. ಗೋಣಿ ಒಲೆಯ ಹತ್ತಿರ ಇಟ್ಟ ಬಟ್ಟೆಯಂತೆ ಕಪ್ಪಾಗಿತ್ತು. ತಟ್ಟಿ ಗೋಡೆಗೆ ಅಂಟದ ಹಾಗೆ ನಡುವೆ ಎರಡು ಬಿದಿರಿನ ತುಂಡು ಸಿಕ್ಕಿಸಿದಳು. ಗೋಣಿಯನ್ನು ಗೊಬ್ಬರಗುಂಡಿಗೆ ಎಸೆದು, ಕೈ ತೊಳೆದು ಊಟಕ್ಕೆ ಕೂತಳು.

"ಕಾಕಾ, ಇನ್ನೊಂದ್ಸಲ ಹಚ್ಚಿ ನೋಡೂದಾ?"

"ನೋಡಿ ನೋಡಿ ಸಾಕಾಯ್ತು."

"ಇನ್ನೊಂದೇ ಸಲ."

ಕಾಕಾ ಹಚ್ಚಿದ. ಬೆಂಕಿ ನೀಲಿಯಾಗಿ, ನೆಟ್ಟಗೆ ಉರಿಯಿತು. ಸಂಜೆಯ ಹೊತ್ತಿಗೆ ಒಳಗೆ ಕೈಯಿಟ್ಟರೆ ತಂಪು.

ಮನೆಯಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು. ತಾನು ಲೈಟರನ್ನು ಬೇರೆ ಕೋನದಲ್ಲಿ ಹಿಡಿದದ್ದರಿಂದ ಸರಿಯಾಯಿತು ಎಂದ ಕಾಕಾ. ರಾಮಾ ಎಲ್ಲೋ ತಟ್ಟಿರಬೇಕು, ಈಗ ಕೂಡಿಕೊಂಡಿದೆ ಎಂದ ಅಪ್ಪ. ದೇವರಿಗೆ ತಾನು ಕಾಯಿ ಹರಸಿಕೊಂಡಿದ್ದೆ ಎಂದಳು ಅಜ್ಜಿ.

ಪ್ರೇಕ್ಷಾ ಮೂವರ ಮಾತಿಗೂ ತಲೆಯಾಡಿಸಿದಳು. ಕುಪ್ಪನಿಗೆ ಬರಬೇಡ ಎಂದು ಹೇಳಿ ಕಳಿಸಿದರು. ಎಲ್ಲ ಸರಿಹೋಗಿದೆ, ಇನ್ನು ಹೇಳುವುದೇನಿದೆ? ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

*

ಸೋಮವಾರ ಶಾಲೆಯಿಂದ ಬರುವಾಗ ಮಳೆ ಅಡ್ಡಡ್ಡ ಬೀಸುತ್ತಿತ್ತು. ಕೊಡೆ ಎರಡು ಸಲ ತಿರುಗಿ ಬಟ್ಟಲಾಯಿತು. ಅಪ್ಪ ಜಗಲಿಯಲ್ಲಿ ಕೂತು ಕತ್ತಿ ಒರೆಸುತ್ತಿದ್ದ.

"ನಿನ್ನ ತಟ್ಟಿ ಗಾಳಿಗೆ ಸಡಿಲಾಗಿತ್ತಲ್ಲೇ ಮಗಾ" ಎಂದ ಪ್ರೀತಿಯಿಂದ. "ನಾನು ಸಮಾ ಕಟ್ಟಿದೆ. ಜಾಲರಿಗೆ ಸಿಮೆಂಟ್ ಚೀಲ ತುಂಬ್ಸಿದೆ. ಮೇಲಿಂದ ಪ್ಲಾಸ್ಟಿಕ್ಕೂ ಹಾಕಿದ್ದೇನೆ. ಇನ್ನು ಸುನಾಮಿ ಬಂದ್ರೂ ನೀರು ಹೋಗೂದಿಲ್ಲ."

ಪ್ರೇಕ್ಷಾ ಪಾಟಿಚೀಲ ಇಳಿಸಲಿಲ್ಲ. "ಕಾಕಾ ಎಲ್ಲಿ?"

"ಡಬ್ಬಿಯಲ್ಲಿ ಮಲಗಿದ್ದಾನೆ. ಊಟ ಆಗಿದ್ದೇ ಹೋದ."

ಅವಳು ಅಂಗಳದ ಕೆಸರಿನಲ್ಲಿ ಓಡಿದಳು. ಕ್ಯಾರವಾನಿನ ಬಾಗಿಲು ಮುಚ್ಚಿತ್ತು. ಕಿಟಕಿ ಮುಚ್ಚಿತ್ತು. ಬಾಗಿಲು ಎಳೆದರೆ ಒಳಗಿನ ಗಾಳಿ ದಪ್ಪವಾಗಿ, ಬಿಸಿಯಾಗಿ ಮುಖಕ್ಕೆ ಬಂತು. ಕಾಕಾ ಬೆಂಚಿನ ಮೇಲೆ ಮಲಗಿದ್ದ. ಕೆನ್ನೆ ಕೆಂಪಾಗಿತ್ತು.

"ಕಾಕಾ! ಏಳು!"

ಅವನು ಏಳಲಿಲ್ಲ. ಭುಜ ಹಿಡಿದು ಅಲುಗಾಡಿಸಿದಳು. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿತು.

"ಅಪ್ಪಾ!" ಎಂದು ಕೂಗಿದಳು. ಅಡುಗೆಮನೆಯಲ್ಲಿ ಆಯಿ ಮಾಡುವುದನ್ನು ನೋಡಿದ್ದಳು. ಹಾಗೆಯೇ ಹೊರಗಿದ್ದ ಸಿಲಿಂಡರಿನ ನಾಬ್ ತಿರುಗಿಸಿ ಗ್ಯಾಸ್ ಬಂದ್ ಮಾಡಿದಳು. ಮತ್ತೆ ಒಳಗೆ ಹೋಗಿ ಕಾಕಾನ ಕಾಲು ಹಿಡಿದು ಎಳೆಯತೊಡಗಿದಳು. ಅಷ್ಟರಲ್ಲಿ ಅಪ್ಪ ಬಂದ. ಇಬ್ಬರೂ ಸೇರಿ ಅವನನ್ನು ಮಳೆಗೆ ಎಳೆದು ಹಾಕಿದರು.

ಕಾಕಾ ಮಳೆಯಲ್ಲಿ ಕೂತು, ದೀರ್ಘವಾಗಿ ಉಸಿರೆಳೆದು, ಕೊಟ್ಟಿಗೆಯ ಬದಿಗೆ ವಾಂತಿ ಮಾಡಿದ.

"ಬಂಗಡೆ ಸಾರು" ಎಂದ ಕೊನೆಗೆ.

"ನನ್ನ ಸಾರಿಗೆ ಎಂತ ಆಗಿದೆ?" ಎಂದಳು ಓಡಿ ಬಂದಿದ್ದ ಆಯಿ. "ಅದನ್ನೇ ನಾವೆಲ್ಲ ತಿಂದಿದ್ದೇವೆ."

"ಹಾಂಗಲ್ಲ ವೈನಿ..." ಎಂದು ಅತ್ತಿಗೆಗೆ ಹೇಳುತ್ತಲೇ ಕಾಕಾ ಮತ್ತೊಂದು ಸಲ ವಾಂತಿ ಮಾಡಿದ.

ರಿಕ್ಷಾದಲ್ಲಿ ಅಂಕೋಲೆಯ ಡಾಕ್ಟರ ಹತ್ತಿರ ಒಯ್ದರು. ಡಾಕ್ಟರು ಅವನ ಕಣ್ಣು, ನಾಲಿಗೆ ನೋಡಿ, ಮೂಗಿಗೆ ಆಕ್ಸಿಜನ್ ನಳಿಗೆ ಹಚ್ಚಿದರು.

"ಬಾಗಿಲು ಮುಚ್ಚಿ ಬೆಂಕಿ ಹಾಕಿಕೊಂಡು ಮಲಗಿದ್ದೆಯಾ?"

"ಇಲ್ಲ ಸಾರ್, ಫ್ರಿಜ್ ಹಾಕಿಕೊಂಡು" ಎಂದ ಕಾಕಾ.

ಡಾಕ್ಟರು ಪೆನ್ನು ಕೆಳಗಿಟ್ಟರು. ಎಲ್ಲ ಕೇಳಿದ ಮೇಲೆ, ಗ್ಯಾಸ್ ತಿಳಿದವರು ಬಂದು ನೋಡುವ ತನಕ ಅದನ್ನು ಹಚ್ಚಲೇಬಾರದು ಎಂದರು. ಆ ರಾತ್ರಿ ಕಾಕಾನನ್ನು ಅಲ್ಲೇ ಇಟ್ಟುಕೊಂಡರು. ಪಕ್ಕದ ಮನೆಯಲ್ಲೂ ಕರೆಂಟ್ ಇರದ ಕಾರಣ ಅಜ್ಜಿಯ ಇನ್ಸುಲಿನನ್ನು ಆಯಿ ಒದ್ದೆ ಮರಳು ತುಂಬಿದ ಮಡಕೆಯಲ್ಲಿ, ಒಂದು ಲೋಟದೊಳಗೆ ಇಟ್ಟಳು.

"ನಿಂಗೆ ಹೇಗೆ ಗೊತ್ತಾಯ್ತೇ, ಓಡಬೇಕು ಅಂತ?" ಎಂದು ಅಪ್ಪ ಕೇಳಿದ.

"ಸುಮ್ನೆ" ಎಂದಳು ಪ್ರೇಕ್ಷಾ.

ಎಲ್ಲರೂ ಅವಳ ತಲೆ ಸವರಿದರು. ಮಗು ಜಾಣೆ ಎಂದರು. ಪ್ರೇಕ್ಷಾ ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

*

ಬುಧವಾರ ಕಾರವಾರದಿಂದ ಕೇಶವ ಮೇಸ್ತ್ರಿ ಬಂದ. ಬೈತಖೋಲದ ಬಂದರಿನ ಐಸ್ ಪ್ಲಾಂಟಿನಲ್ಲಿ ಮೀನಿಗೆ ಹಾಕುವ ಐಸನ್ನು ಮೂವತ್ತು ವರ್ಷ ಮಾಡಿದವನು. ತೆಳ್ಳಗಿನ ಮುದುಕ. ಕ್ಯಾರವಾನಿನ ಬಾಗಿಲು, ಕಿಟಕಿ ಎಲ್ಲ ತೆರೆದು, ಹದಿನೈದು ನಿಮಿಷ ಹೊರಗೇ ನಿಂತ. ಆಮೇಲೆ ಒಳಗೆ ಹೋಗಿ ನಾಯಿಯ ಹಾಗೆ ಮೂಸಿದ.

"ಇದಕ್ಕೆ ಮೋಟರ್ ಇಲ್ಲ" ಎಂದು ಕಾಕಾ ಮೊದಲೇ ತಿಳಿಸಿದ. ಅವನ ದನಿ ಇನ್ನೂ ಸಣ್ಣಗಿತ್ತು.

"ಬೇಡ. ಪೈಪಿನೊಳಗೆ ಅಮೋನಿಯಾ ಅದೆ. ಕೆಳಗಿನ ಬೆಂಕಿ ಅದನ್ನು ಕಾಯಿಸಿ ಓಡಿಸ್ತದೆ. ಓಡಿ ಓಡಿ ಅದು ತಂಪು ಮಾಡ್ತದೆ. ನಮ್ಮ ಪ್ಲಾಂಟಿನದ್ದೇ ಜಾತಿ, ಸಣ್ಣ ಮರಿ." ಪೈಪಿನ ಉದ್ದಕ್ಕೂ ಬೆರಳು ಓಡಿಸಿದ. "ಹಳದಿ ಪುಡಿ ಎಲ್ಲೂ ಇಲ್ಲ. ವಾಸನೆ ಇಲ್ಲ. ಅಂದ್ರೆ ಒಡೆದಿಲ್ಲ."

"ಗುಜರಿಯವನಿಗೆ ಕೊಯ್ಯಲಿಕ್ಕೆ ಹೇಳಿದ್ದೆವು" ಎಂದ ಅಪ್ಪ.

ಕೇಶವ ಮೇಸ್ತ್ರಿ ಪೈಪಿನಿಂದ ಕೈ ತೆಗೆದ. "ಕೊಯ್ದಿದ್ರೆ ಅವ ನಿಮ್ಮ ಅಂಗಳದಲ್ಲೇ ಮಲಗ್ತಿದ್ದ. ಕಣ್ಣು, ಗಂಟಲು ಎಲ್ಲ ಸುಟ್ಟುಕೊಂಡು. ಇದನ್ನು ತೆಗೀಬೇಕು ಅಂದ್ರೂ ಕೊಯ್ಯೂದಿಲ್ಲ. ಗ್ಯಾಸ್ ಬಂದ್ ಮಾಡಿ, ನಳಿಗೆ ಬಿಚ್ಚಿ, ಇಡೀ ಹೊರಗೆ ತರೂದು."

ಆಮೇಲೆ ಕ್ಯಾರವಾನಿನ ಹಿಂದೆ ಹೋದ. ಪ್ಲಾಸ್ಟಿಕ್ ಸರಿಸಿದ. ತಟ್ಟಿ ಎತ್ತಿದ. ಕೆಳಗಿನ ಜಾಲರಿಯಿಂದ ಒಂದು ಸಿಮೆಂಟ್ ಚೀಲ ಎಳೆದ. ಮೇಲಿನದರಿಂದ ಇನ್ನೊಂದು.

"ಬೆಂಕಿ ಉಸಿರು ತಗೊಳ್ಳೂದು ಕೆಳಗಿಂದ. ಹೊಗೆ ಬಿಡೂದು ಮೇಲಿಂದ. ಎರಡೂ ಮುಚ್ಚಿದ್ರೆ ವಿಷ ಎಲ್ಲ ಒಳಗೇ. ಇದನ್ನು ಯಾರು ತುರುಕಿದ್ದು?"

ಕೊಟ್ಟಿಗೆಯಲ್ಲಿ ಎಮ್ಮೆ ಕಿವಿ ಬಡಿಯಿತು.

"ನಾನು" ಎಂದ ಅಪ್ಪ.

ಅವನು ತಮ್ಮನ ಕಡೆ ನೋಡಲಿಲ್ಲ. ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. "ಮಳೆ ಬರ್ತದೆ ಅಂತ ಮಾಡಿದೆ. ನನಗೆ... ರೂಪೇಶಾ, ನನಗೆ ಗೊತ್ತಿರಲಿಲ್ಲ ಮಾರಾಯ." ಅಪ್ಪನ ದನಿ ಅಷ್ಟು ಸಣ್ಣಗಾದದ್ದನ್ನು ಪ್ರೇಕ್ಷಾ ಎಂದೂ ಕೇಳಿರಲಿಲ್ಲ.

ಅವಳು ಕೈ ಎತ್ತಿದಳು. ಕ್ಲಾಸಿನಲ್ಲಿ ಎತ್ತುವ ಹಾಗೆ, ಮೊಣಕೈ ನೆಟ್ಟಗೆ ಮಾಡಿ.

"ಮೊದಲು ತುರುಕಿದ್ದು ನಾನು" ಎಂದಳು. "ಗೋಣಿ. ಆಮೇಲೆ ತೆಗೆದವಳೂ ನಾನೇ. ಅದಕ್ಕೇ ಶನಿವಾರ ಸರಿಯಾಗಿದ್ದು. ಗೊತ್ತಾಗಿತ್ತು ನಂಗೆ. ಹೇಳಿದ್ರೆ ಅಪ್ಪ ಮತ್ತೆ ಮುಚ್ತಿರಲಿಲ್ಲ."

ಕೈ ಇಳಿಸಬೇಕೋ ಬೇಡವೋ ಗೊತ್ತಾಗಲಿಲ್ಲ. ಎತ್ತಿಯೇ ಇಟ್ಟುಕೊಂಡಳು. ಮೂಗಿನಿಂದ ನೀರು ಇಳಿಯುತ್ತಿತ್ತು.

ಕೇಶವ ಮೇಸ್ತ್ರಿ ಬೈಯಲಿಲ್ಲ. ಅವನಿಗೆ ಬೇಕಾಗಿದ್ದದ್ದು ಬೇರೆ. "ಇದರೊಳಗೆ ಕೂತಾಗ ತಲೆನೋವು ಬರ್ತಿತ್ತಾ?"

"ದಿನಾ" ಎಂದಳು ಪ್ರೇಕ್ಷಾ.

"ಮತ್ತೆ ಯಾರಿಗೆ?"

ಕಾಕಾನ ಕೈ ನಿಧಾನವಾಗಿ ಮೇಲೆದ್ದಿತು. ಭುಜದವರೆಗೆ ಬಂದು ಅಲ್ಲೇ ನಿಂತಿತು.

"ನಿಂಗೂ?" ಎಂದಳು ಆಯಿ. "ಯಾವಾಗಿಂದ?"

"ಹದಿನೈದು ದಿನ ಆಯ್ತು, ವೈನಿ. ಬಸ್‌ಸ್ಟ್ಯಾಂಡ್ ಹತ್ರ ಗುಳಿಗೆ ತಗೊಂಡು ತಿಂತಿದ್ದೆ."

"ಹೇಳಲಿಕ್ಕೆ ಎಂತ ಆಗಿತ್ತು ನಿಂಗೆ?"

ಕಾಕಾ ನೆಲ ನೋಡಿದ. "ತಂದವ ನಾನು. ತಲೆನೋವು ಅಂದ್ರೆ ಎಲ್ಲರೂ ಡಬ್ಬಿಯಿಂದ ಅಂತಿದ್ರಿ. ಟ್ಯಾಂಕ್ ತರಲಿಕ್ಕೆ ಹೋಗಿ ಇದನ್ನು ತಂದ ಅಂತ."

ಅದೇ ಡಬ್ಬಿಯಲ್ಲಿ, ಅದೇ ಬೆಂಚಿನ ಮೇಲೆ, ಅವಳು ಲೆಕ್ಕ ಮಾಡುತ್ತಿದ್ದಾಗ ಕಾಕಾ ಹಣೆ ಒತ್ತಿಕೊಂಡು ಪೇಪರ್ ಓದುತ್ತಿದ್ದದ್ದು ಪ್ರೇಕ್ಷಾಗೆ ನೆನಪಾಯಿತು. ಸಣ್ಣ ಅಕ್ಷರ ಓದುವಾಗ ದೊಡ್ಡವರು ಹಾಗೆಯೇ ಮಾಡುತ್ತಾರೆ ಎಂದು ಅವಳು ತಿಳಿದಿದ್ದಳು. ತಾನು ಹಣೆ ಒತ್ತಿಕೊಂಡಾಗ ಕಾಕಾ ಏನು ತಿಳಿದಿದ್ದನೋ.

*

ಕೆಲಸ ಮುಗಿಯಲು ಸಂಜೆಯಾಯಿತು. ಮೇಸ್ತ್ರಿ ಚಿಮಣಿಯೊಳಗೆ ಬ್ರಶ್ ತೂರಿಸಿ ಮಸಿ ತೆಗೆದ. ಬಿರುಕು ಬಿಟ್ಟ ಹಳೇ ರಬ್ಬರ್ ನಳಿಗೆ ಬದಲಿಸಿದ. ಕೂಡಿಕೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ಪ್ರೇಕ್ಷಾಳಿಂದಲೇ ನೋಡಿಸಿದ. ಏಳಲಿಲ್ಲ. ಇಂಥ ಫ್ರಿಜ್ಜು ಮಟ್ಟವಾಗಿ ನಿಂತಿರಬೇಕಂತೆ. ಅದರ ಮೇಲೆ ನೀರಿನ ತಟ್ಟೆ ಇಟ್ಟರೆ ನೀರು ಒಂದು ಕಡೆಗೆ ವಾಲಿತು. ಮಳೆಗೆ ಒಂದು ಗಾಲಿ ಮಣ್ಣಿನಲ್ಲಿ ಹೂತಿತ್ತು. ಅಪ್ಪ ಜಾಕ್ ಕೊಟ್ಟು ಅದರಡಿಗೆ ಚಿರೆಕಲ್ಲು ಸರಿಸಿದ. ನೀರು ಸಮವಾಯಿತು.

ತಟ್ಟಿಯಲ್ಲಿ ಜಾಲರಿ ಇದ್ದಲ್ಲೆಲ್ಲ ಚೌಕಾಕಾರವಾಗಿ ಕತ್ತರಿಸಿದರು. ಮಳೆ ಹೊಡೆಯದ ಹಾಗೆ ಜಾಲರಿಗಳ ಮೇಲೆ ಒಂದೊಂದು ತಗಡಿನ ತುಂಡನ್ನು ಇಳಿಜಾರಾಗಿ, ಗೋಡೆಯಿಂದ ದೂರವಿಟ್ಟು ಹೊಡೆದ ಮೇಸ್ತ್ರಿ.

"ಉರಿಯುವಾಗ ಬಾಗಿಲು, ಕಿಟಕಿ ತೆರೆದಿರಬೇಕು. ಒಳಗೆ ಯಾರೂ ಮಲಗಬೇಡಿ. ಬೆಂಕಿ ಹಳದಿಯಾದ್ರೆ ಬಂದ್ ಮಾಡಿ ನಂಗೆ ಹೇಳಿ" ಎಂದು ಹೇಳಿ ಕಾರವಾರದ ಬಸ್ಸು ಹತ್ತಿದ. ಚಾ ಕುಡಿಯಲಿಕ್ಕೂ ನಿಲ್ಲಲಿಲ್ಲ.

ಮಾರನೇ ದಿನ ಶಾಲೆ ಬಿಟ್ಟ ಮೇಲೆ ಪ್ರೇಕ್ಷಾ ಲೆಕ್ಕದ ಪುಸ್ತಕ ಹಿಡಿದು ಕ್ಯಾರವಾನಿಗೆ ಹೋದಳು. ಫ್ರಿಜ್ಜಿನ ಕೆಳಗೆ ಬೆಂಕಿ ನೀಲಿಯಾಗಿ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾಕಾನೂ ಪೇಪರ್ ಹಿಡಿದು ಬಂದ. ಎದುರಿನ ಬೆಂಚಿನಲ್ಲಿ ಕೂತ. ಇಬ್ಬರೂ ತುಂಬ ಹೊತ್ತು ಓದುವವರ ಹಾಗೆ ಇದ್ದರು.

"ಪ್ರೇಕ್ಷಾ."

"ಹಾಂ."

"ತಲೆ ಹೇಗದೆ?"

ಅವಳು ಯೋಚಿಸಿ ನೋಡಿದಳು. "ನೋವಿಲ್ಲ. ನಿಂದು?"

"ಸ್ವಲ್ಪ ಅದೆ" ಎಂದ ಕಾಕಾ. ಮತ್ತೆ ತಡೆದು, "ಡಾಕ್ಟರು ಎರಡು ದಿನ ಇರ್ತದೆ ಅಂದಿದ್ರು. ಆದ್ರೂ ನಿನ್ನ ಆಯಿಗೆ ಹೇಳಿ ಬರ್ತೆ" ಎಂದು ಎದ್ದು ಹೋದ.

ಹೇಳಿ, ಬೈಸಿಕೊಂಡು, ವಾಪಸು ಬಂದು ಕೂತ.

ಹೊರಗೆ ಮಳೆ ಜೋರಾಯಿತು. ತೆರೆದ ಬಾಗಿಲಿನಿಂದ ಎರಚಲು ಒಳಗೆ ಹಾರಿತು. ಪುಸ್ತಕದ ಮೇಲೆ ಎರಡು ಹನಿ ಬಿದ್ದು ಭಾಗಾಕಾರದ ಶೇಷ ಕಲಸಿಹೋಯಿತು. ಪ್ರೇಕ್ಷಾ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಕಾಕಾ ಕಾಲು ಮೇಲೆತ್ತಿಕೊಂಡು ಕೂತ.

ಬಾಗಿಲು ಮುಚ್ಚಲು ಇಬ್ಬರೂ ಏಳಲಿಲ್ಲ.